ಮುಟ್ಟಿನ ತೊಂದರೆಗೆ ಹೋಮಿಯೋಪಥಿ: ಗುಳಿಗೆ ಕೊಳ್ಳುವ ಮೊದಲು ನೋಡಬೇಕಾದದ್ದು, ಜೊತೆಗೆ ಮಾಡಬೇಕಾದದ್ದು

ಮುಟ್ಟಿನ ಹೊಟ್ಟೆನೋವು ಎಂದು ಹೋಮಿಯೋಪಥಿ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಹೆಸರುಗಳು ಹೆಚ್ಚುಕಡಿಮೆ ಅವವೇ. ಹಿಂಡುವ ನೋವಿಗೆ ಮ್ಯಾಗ್ ಫಾಸ್ 6ಎಕ್ಸ್, ಮಡಚಿ ಮಲಗಿದರೆ ಹಿತವೆನಿಸುವ ನೋವಿಗೆ ಕೊಲೊಸಿಂಥಿಸ್, ತಡವಾಗಿ ಬರುವ ಮುಟ್ಟಿಗೆ ಪಲ್ಸಟಿಲ್ಲಾ, ಕಿಬ್ಬೊಟ್ಟೆ ಕೆಳಕ್ಕೆ ಜಗ್ಗಿದಂತಾದರೆ ಸೆಪಿಯಾ, ಸ್ರಾವ ಹೆಚ್ಚಾದರೆ ಸಬೈನಾ, ಎಲ್ಲದಕ್ಕೂ ಮೇಲೆ ಅಶೋಕದ ಮದರ್ ಟಿಂಚರ್, ಅಂದರೆ ಇನ್ನೂ ತೆಳುವಾಗಿಸದ ಮೂಲ ದ್ರವ. ಯಾವ ಲಕ್ಷಣಕ್ಕೆ ಯಾವ ಗುಳಿಗೆ ಎಂಬ ಪಟ್ಟಿಗಳಿಗೆ ಬರವಿಲ್ಲ. ಆ ಗುಳಿಗೆಯಲ್ಲಿ ಏನಿದೆ, ಅದನ್ನು ತಿನ್ನುತ್ತ ಕೂತಾಗ ಏನು ತಪ್ಪಿಹೋಗಬಹುದು ಎಂದು ಹೇಳುವವರು ಕಡಿಮೆ.

ಚೀಟಿ ಓದುವುದು

ಶೀಸೆಯ ಮೇಲಿನ ಹೆಸರಿಗಿಂತ ಪಕ್ಕದ ಅಂಕಿ ಮುಖ್ಯ. 30, 200 ಎಂದಿದ್ದರೆ ಅದು ನೂರರ ಲೆಕ್ಕ: ಮೂಲ ಪದಾರ್ಥದ ಒಂದು ಪಾಲಿಗೆ 99 ಪಾಲು ಆಲ್ಕೋಹಾಲ್ ಅಥವಾ ನೀರು ಸೇರಿಸಿ ಕುಲುಕುವುದು, ಅದರಿಂದ ಒಂದು ಪಾಲು ತೆಗೆದು ಮತ್ತೆ 99 ಪಾಲಿಗೆ ಹಾಕುವುದು, ಹೀಗೆ 30 ಸಲ ಅಥವಾ 200 ಸಲ. ಹನ್ನೆರಡನೇ ಸಲದ ಹೊತ್ತಿಗೇ ಮೂಲ ಪದಾರ್ಥದ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾಗಿ ಪಲ್ಸಟಿಲ್ಲಾ 30 ಮತ್ತು ಸೆಪಿಯಾ 200 ಎರಡರಲ್ಲೂ ಇರುವುದು ಸಕ್ಕರೆ ಗುಳಿಗೆಯೇ. ಹೋಮಿಯೋಪಥಿಯನ್ನು ಕಟ್ಟಿದ ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 1810ರಲ್ಲಿ ತನ್ನ ಮುಖ್ಯ ಗ್ರಂಥ ಪ್ರಕಟಿಸಿದಾಗ ಅಣುಗಳ ಎಣಿಕೆ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಇವತ್ತು ತಿಳಿದಿದೆ.

6ಎಕ್ಸ್ ಎಂದರೆ ಹತ್ತರ ಲೆಕ್ಕ, ಆರು ಸಲ. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 100 ಮಿಲಿಗ್ರಾಂ ತೂಕದ ಮ್ಯಾಗ್ ಫಾಸ್ 6ಎಕ್ಸ್ ಮಾತ್ರೆಯಲ್ಲಿ ಮೆಗ್ನೀಸಿಯಂ ಫಾಸ್ಫೇಟ್ ಇರುವುದು ಒಂದು ಮಿಲಿಗ್ರಾಂನ ಹತ್ತು ಸಾವಿರದ ಒಂದು ಭಾಗ. ಒಬ್ಬ ಹೆಂಗಸಿಗೆ ದಿನಕ್ಕೆ 300 ಮಿಲಿಗ್ರಾಂಗೂ ಹೆಚ್ಚು ಮೆಗ್ನೀಸಿಯಂ ಬೇಕು. ಒಂದು ಹಿಡಿ ಶೇಂಗಾದಲ್ಲೇ ಸುಮಾರು 50 ಮಿಲಿಗ್ರಾಂ ಸಿಗುತ್ತದೆ. ಈ ಮಾತ್ರೆಯನ್ನು ಬಿಸಿನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಯಲು ಹೇಳುತ್ತಾರೆ. ಹಿತವೆನಿಸಿದರೆ ಅದರ ಯಶಸ್ಸಿನಲ್ಲಿ ಬಿಸಿನೀರಿಗೂ ಪಾಲು ಕೊಡಿ.

ಮದರ್ ಟಿಂಚರ್ ಬೇರೆಯದೇ ಜಾತಿ. ಇದರಲ್ಲಿ ಗಿಡದ ಸತ್ವವೂ ಇದೆ, ಸಾಕಷ್ಟು ಆಲ್ಕೋಹಾಲೂ ಇದೆ. ‘ಹೋಮಿಯೋಪಥಿ ತಾನೆ, ಅಡ್ಡಪರಿಣಾಮ ಇಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಗರ್ಭ ನಿಂತಿರಬಹುದು ಎಂಬ ಅನುಮಾನವಿದ್ದರೆ, ಲಿವರ್ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಟಿಂಚರ್ ಬೇಡ. ಬೆಲ್ಲಡೋನಾದಂಥ ವಿಷಗಿಡದ 3ಎಕ್ಸ್‌ನಂಥ ಕಡಿಮೆ ಅಂಕಿಯ ಔಷಧಕ್ಕೂ ಇದೇ ಎಚ್ಚರ: ಅಂಕಿ ಚಿಕ್ಕದಾದಷ್ಟೂ ಒಳಗೆ ನಿಜವಾದ ಪದಾರ್ಥ ಹೆಚ್ಚು.

ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಸಿಕ್ಕ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೋಮಿಯೋಪಥಿ ಪರಿಣಾಮಕಾರಿ ಎಂದು ನಂಬಲರ್ಹ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲ ಎಂದು 2015ರಲ್ಲಿ ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡುವುದು ನಿಲ್ಲಿಸಿ ಎಂದು ತನ್ನ ವೈದ್ಯರಿಗೆ ಸೂಚಿಸಿತು. ನಮ್ಮಲ್ಲಿ ಇದು ಆಯುಷ್ ಪದ್ಧತಿಗಳಲ್ಲಿ ಒಂದು, ಕಲಿಸುವ ಕಾಲೇಜುಗಳೂ ಇವೆ. ಮಾನ್ಯತೆ ಬೇರೆ, ಪುರಾವೆ ಬೇರೆ.

ಹಾಗಿದ್ದರೆ ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಸಾಮಾನ್ಯ ಮುಟ್ಟಿನ ನೋವು ಸ್ರಾವ ಶುರುವಾಗುವ ಹೊತ್ತಿಗೆ ಏರಿ, 48ರಿಂದ 72 ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ನೋವು ತುದಿ ಮುಟ್ಟಿದಾಗ ಏನು ತಿಂದರೂ ಅದಾದ ಮೇಲೆ ಇಳಿತವೇ. ತೀರಾ ಕೆಟ್ಟ ತಿಂಗಳ ನಂತರವೇ ವೈದ್ಯರ ಬಳಿ ಹೋಗುತ್ತೇವೆ. ಮುಂದಿನ ತಿಂಗಳು ಅಷ್ಟು ಕೆಟ್ಟದಾಗಿರುವ ಸಂಭವ ಹೇಗೂ ಕಡಿಮೆ. ಜೊತೆಗೆ, ಯಾರೋ ಅರ್ಧ ಗಂಟೆ ಕೂತು ನಿದ್ದೆ, ಸಿಟ್ಟು, ಸೆಕೆ, ಚಳಿ ಎಲ್ಲ ವಿಚಾರಿಸಿದರು ಎನ್ನುವುದೇ ಅರ್ಧ ಸಮಾಧಾನ. ಹತ್ತು ರೋಗಿಗಳಿಗೆ ಹತ್ತು ನಿಮಿಷ ಕೊಡುವ ಓಪಿಡಿ ಈ ವಿಷಯದಲ್ಲಿ ಸೋಲುತ್ತದೆ, ಒಪ್ಪಲೇಬೇಕು.

ಮೊದಲು ಮೂರು ತಿಂಗಳ ಲೆಕ್ಕ

ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ ಇದು ಬೇಕು. ಗೋಡೆಯ ಕ್ಯಾಲೆಂಡರೇ ಸಾಕು. ಸ್ರಾವ ಕಂಡ ದಿನ 1 ಎಂದು ಬರೆಯಿರಿ. ಮುಂದಿನ ಮುಟ್ಟು ಶುರುವಾಗುವ ಹಿಂದಿನ ದಿನದವರೆಗಿನ ಎಣಿಕೆಯೇ ನಿಮ್ಮ ಚಕ್ರ. ಮುಟ್ಟು ನಿಂತ ದಿನದಿಂದ ಎಣಿಸುವುದು ತುಂಬ ಜನ ಮಾಡುವ ತಪ್ಪು, ಅದರಿಂದ ಐದಾರು ದಿನ ಕಡಿಮೆ ತೋರುತ್ತದೆ. ಪ್ರತಿ ದಿನ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ, ಬದಲಿಸಿದ ಪ್ಯಾಡ್ ಎಷ್ಟು, ಅದು ಪೂರ್ತಿ ತೊಯ್ದಿತ್ತೇ, ಗಡ್ಡೆ ಬಿತ್ತೇ, ಕೆಲಸ ಅಥವಾ ಶಾಲೆ ತಪ್ಪಿತೇ. ತಿಂದ ಗುಳಿಗೆ ಮಾತ್ರೆಗಳನ್ನು ಗಂಟೆ ಸಮೇತ ಬರೆಯಿರಿ. ಗುಳಿಗೆ ತಿಂದ ತಿಂಗಳನ್ನೂ ತಿನ್ನದ ತಿಂಗಳನ್ನೂ ಪಕ್ಕಪಕ್ಕ ಇಟ್ಟರೆ ನೆನಪಿಗಿಂತ ನಂಬಲರ್ಹವಾದ ಉತ್ತರ ಸಿಗುತ್ತದೆ.

ವಯಸ್ಕರಲ್ಲಿ 24ರಿಂದ 38 ದಿನದ ಚಕ್ರ, ಎಂಟು ದಿನದೊಳಗೆ ಮುಗಿಯುವ ಸ್ರಾವ ಸಹಜ. ಮೈನೆರೆದ ಮೊದಲ ಕೆಲವು ವರ್ಷ ಹುಡುಗಿಯರಲ್ಲಿ 45 ದಿನದವರೆಗೂ ಹೋಗುವುದುಂಟು. ಅದಕ್ಕೆ ಔಷಧ ಹುಡುಕಬೇಕಿಲ್ಲ.

ನೋವಿಗೆ ನಿಜವಾಗಿ ಕೆಲಸ ಮಾಡುವುದು

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೊರಬಿದ್ದು ಸ್ನಾಯುವನ್ನು ಹಿಂಡುತ್ತದೆ. ವಾಂತಿ, ಭೇದಿ, ತಲೆನೋವು ಕೂಡ ಅದರದ್ದೇ ಕೆಲಸ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಈ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ‘ಮಾತ್ರೆ ತಗೊಂಡ್ರೂ ಹಿಡೀಲಿಲ್ಲ’ ಎನ್ನುವವರಲ್ಲಿ ಬಹುಪಾಲು ತಡೆದೂ ತಡೆದೂ ಕೊನೆಗೆ ನುಂಗಿದವರು. ಸ್ರಾವ ಕಂಡ ಕೂಡಲೇ, ಇಲ್ಲವೇ ನೋವಿನ ಮೊದಲ ಸುಳಿವಿಗೇ ಶುರುಮಾಡಬೇಕು.

ಐಬುಪ್ರೊಫೆನ್ 400 ಮಿಲಿಗ್ರಾಂ, ಊಟವೋ ತಿಂಡಿಯೋ ಆದ ಮೇಲೆ, 8 ಗಂಟೆಗೊಮ್ಮೆ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ದಾಟಬಾರದು. ಮೆಫೆನಾಮಿಕ್ ಆಸಿಡ್ ಆದರೆ ಮೊದಲು 500, ಆಮೇಲೆ 6 ಗಂಟೆಗೊಮ್ಮೆ 250, ಎರಡು ಮೂರು ದಿನ ಮಾತ್ರ, ವೈದ್ಯರ ಚೀಟಿಯ ಮೇಲೆ. ಎಲ್ಲರ ಬಾಯಲ್ಲಿರುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ 250 ಜೊತೆಗೆ ಡೈಸೈಕ್ಲೊಮಿನ್ 10 ಮಿಲಿಗ್ರಾಂ ಇದೆ. ಬಾಯಿ ಒಣಗುವುದು, ಮಂಪರು, ತಲೆಸುತ್ತು ಬರುವುದು ಆ ಎರಡನೆಯದರಿಂದ. ಇವುಗಳಲ್ಲಿ ಎರಡನ್ನು ಒಟ್ಟಿಗೆ ನುಂಗಬೇಡಿ. 14 ವರ್ಷದೊಳಗಿನವರಿಗೆ ವೈದ್ಯರನ್ನು ಕೇಳಿಯೇ ಕೊಡಿ.

ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ ಇದ್ದವರು ಇವನ್ನು ಮುಟ್ಟಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗ್ಯೂ ಅನುಮಾನವಿದ್ದರೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಬೇಡ. ಮೆಫೆನಾಮಿಕ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಫಾರ್ಮಾಕೊಪಿಯ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು: ಮೈಮೇಲೆ ದದ್ದು, ಜ್ವರ, ಕುತ್ತಿಗೆಯ ಗಂಟು ಊತ ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಶುರುಮಾಡಿ ಕೆಲವು ವಾರದ ಮೇಲೂ ಇದು ಕಾಣಿಸಿಕೊಳ್ಳಬಹುದು.

ಮಾತ್ರೆ ಬೇಡವೆಂದರೆ ಶಾಖ ಕೊಡಿ. ಇದು ಅಜ್ಜಿ ಮದ್ದು ಮಾತ್ರವಲ್ಲ. ಕಿಬ್ಬೊಟ್ಟೆಗೆ ಸುಮಾರು 39 ಡಿಗ್ರಿ ಹದದ ಕಾವನ್ನು ಗಂಟೆಗಟ್ಟಲೆ ಕೊಟ್ಟಾಗ ಐಬುಪ್ರೊಫೆನ್‌ಗೆ ಸರಿಸಮ ಆರಾಮ ಸಿಕ್ಕಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ರಬ್ಬರಿನ ಬಿಸಿನೀರಿನ ಚೀಲವನ್ನು ಮೂರರಲ್ಲಿ ಎರಡು ಪಾಲಷ್ಟೇ ತುಂಬಿಸಿ, ಗಾಳಿ ಹೊರಡಿಸಿ ಬಿರಡೆ ಬಿಗಿದು, ಟವೆಲ್ ಸುತ್ತಿ ಇಡಿ. ಕುದಿಯುವ ನೀರು ಹಾಕಿದರೆ ರಬ್ಬರು ಬೇಗ ಹಾಳು, ಚರ್ಮವೂ ಸುಡುತ್ತದೆ. ಅದನ್ನಿಟ್ಟುಕೊಂಡೇ ನಿದ್ದೆ ಹೋಗಬೇಡಿ. ಕಿಬ್ಬೊಟ್ಟೆಯಲ್ಲಿ ಬಲೆಯಂಥ ಕಂದು ಗೆರೆ ಮೂಡಿದ್ದರೆ ಕಾವು ಅತಿಯಾಗಿದೆ.

ಒಣಶುಂಠಿಯೂ ಒಂದಿಷ್ಟು ಆಸರೆ. ಮೊದಲ ಮೂರು ದಿನ ಕಾಲು ಟೀ ಚಮಚ ಪುಡಿ, ಅಂದರೆ ಹೆಚ್ಚುಕಡಿಮೆ ಅರ್ಧ ಗ್ರಾಂ, ಬಿಸಿನೀರಿಗೆ ಹಾಕಿ ದಿನಕ್ಕೆ ಮೂರು ನಾಲ್ಕು ಸಲ. ಎದೆಯುರಿ ಬಂದರೆ ನಿಲ್ಲಿಸಿ. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆಯ ಬಿರುಸಿನ ನಡಿಗೆ ಅಥವಾ ಯೋಗ ರೂಢಿಯಾದರೆ ಎರಡು ಮೂರು ಚಕ್ರದಲ್ಲಿ ನೋವು ತಗ್ಗುತ್ತದೆ.

ಇಷ್ಟನ್ನೂ ಸರಿಯಾಗಿ ಮೂರು ಚಕ್ರ ಮಾಡಿ ನೋಡಿದರೂ ಹಾಸಿಗೆ ಹಿಡಿಯುವ ನೋವು ಇದ್ದರೆ ಅದು ‘ಎಲ್ಲರಿಗೂ ಇರುವುದೇ’ ಅಲ್ಲ. ಮುಟ್ಟಿಗೆ ದಿನಗಳ ಮುಂಚೆಯೇ ಶುರುವಾಗುವ, ವರ್ಷದಿಂದ ವರ್ಷಕ್ಕೆ ಏರುವ ನೋವು, ಮಲವಿಸರ್ಜನೆಗೆ ಕೂತಾಗ ಅಥವಾ ಗಂಡನ ಜೊತೆಗಿರುವಾಗ ಚುಚ್ಚುವ ನೋವು ಎಂಡೊಮೆಟ್ರಿಯೊಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದಿದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ. ಇದಕ್ಕೆ ಹಾರ್ಮೋನ್ ಚಿಕಿತ್ಸೆಯಿದೆ, ಬೇಕಾದರೆ ಶಸ್ತ್ರಚಿಕಿತ್ಸೆಯಿದೆ. ಗುಳಿಗೆ ಬದಲಿಸುತ್ತ ಕಳೆದ ವರ್ಷಗಳು ಮಾತ್ರ ವಾಪಸು ಬರುವುದಿಲ್ಲ.

ಹೆಚ್ಚು ಸ್ರಾವ

ಇಲ್ಲಿ ಹೋಮಿಯೋಪಥಿಯ ಒಂದು ನಂಬಿಕೆ ನೇರವಾಗಿ ಅಪಾಯಕಾರಿ: ಮೊದಲು ಉಲ್ಬಣಿಸಿ ಆಮೇಲೆ ಇಳಿಯುತ್ತದೆ, ಉಲ್ಬಣವೇ ಔಷಧ ಹಿಡಿದ ಗುರುತು ಎಂಬುದು. ರಕ್ತ ಹೆಚ್ಚು ಹೋಗುವುದು ಯಾವ ಔಷಧ ಹಿಡಿದ ಗುರುತೂ ಅಲ್ಲ.

ಎಂಟು ದಿನ ದಾಟಿದರೆ, ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಾದರೆ, ಎರಡೆರಡು ಪ್ಯಾಡ್ ಬೇಕೆನಿಸಿದರೆ, ಹತ್ತು ರೂಪಾಯಿ ನಾಣ್ಯದಷ್ಟು ಗಡ್ಡೆ ಬಿದ್ದರೆ ಅದು ಹೆಚ್ಚು. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ, ಟೀ, ಹಾಲಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾಗುವುದಕ್ಕೆ ಹೆದರಬೇಡಿ.

ಸ್ರಾವ ತಗ್ಗಿಸಲು ವೈದ್ಯರು ಸಾಮಾನ್ಯವಾಗಿ ಟ್ರಾನೆಕ್ಸಾಮಿಕ್ ಆಸಿಡ್ ಬರೆಯುತ್ತಾರೆ: 500ರ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ಸ್ರಾವ ಹೆಚ್ಚಿರುವ ನಾಲ್ಕು ದಿನದವರೆಗೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಇದು ಸಲ್ಲದು. ಮೈನೆರೆದಾಗಿನಿಂದಲೂ ಹೀಗೇ ಇದ್ದು, ಹಲ್ಲು ಕಿತ್ತಾಗಲೂ ರಕ್ತ ನಿಲ್ಲಲು ಹೊತ್ತಾಗಿದ್ದರೆ ರಕ್ತ ಹೆಪ್ಪುಗಟ್ಟುವಿಕೆಯ ದೋಷವಿದೆಯೇ ಎಂದು ಪರೀಕ್ಷಿಸಲು ಕೇಳಿ.

ಮುಟ್ಟು ಬಾರದಿದ್ದರೆ

ಮೊದಲು ಗರ್ಭಧಾರಣೆಯ ಪರೀಕ್ಷೆ, ಆಮೇಲೆ ಮಿಕ್ಕ ಮಾತು. ಪಲ್ಸಟಿಲ್ಲಾ ತಿನ್ನುತ್ತ ಕಾದು ಕೊನೆಗೆ ಬಸಿರು ಎಂದು ತಿಳಿಯುವುದು ಅಪರೂಪವೇನಲ್ಲ. ಗರ್ಭ ನಿಂತಿಲ್ಲವೆಂದಾದರೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಪರೀಕ್ಷೆ. ಮುಖದ ಕೂದಲು, ಮೊಡವೆ, ತೂಕ ಏರಿಕೆ ಜೊತೆಗಿದ್ದರೆ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ನೋಡಬೇಕು. ಪಿಸಿಒಎಸ್‌ನಲ್ಲಿ ಮೂರು ತಿಂಗಳಿಗೂ ಹೆಚ್ಚು ಮುಟ್ಟು ತಪ್ಪುತ್ತಿದ್ದರೆ ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತ ಹೋಗುತ್ತದೆ, ವರ್ಷಗಳಲ್ಲಿ ಕ್ಯಾನ್ಸರ್‌ಗೂ ತಿರುಗಬಹುದು. ‘ಮುಟ್ಟಿಲ್ಲದಿದ್ದರೆ ಆರಾಮ’ ಎಂದು ಬಿಡುವಂತಿಲ್ಲ. 15 ತುಂಬಿದರೂ ಮೈನೆರೆಯದ ಹುಡುಗಿಯನ್ನೂ ತೋರಿಸಬೇಕು.

ಕಾಯಬಾರದ ಹೊತ್ತು

ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ಮೀರಿದರೆ, ಕಣ್ಣು ಕತ್ತಲಿಟ್ಟರೆ, ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಪಕ್ಕಕ್ಕೆ ತೀವ್ರ ನೋವು ಬಂದರೆ, ಜ್ವರದ ಜೊತೆ ದುರ್ವಾಸನೆಯ ಸ್ರಾವವಿದ್ದರೆ ರಾತ್ರಿಯಾದರೂ ಹೊರಡಿ. 108ಕ್ಕೆ ಕರೆ ಮಾಡಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸಂಭೋಗದ ನಂತರ ಪದೇ ಪದೇ ರಕ್ತ ಕಂಡರೂ ಆ ವಾರದಲ್ಲೇ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಇಷ್ಟಾದ ಮೇಲೂ ಗುಳಿಗೆಯ ಸಮಾಧಾನ ಬೇಕೆಂದರೆ 30ರ ಸಕ್ಕರೆ ಗುಳಿಗೆಯಿಂದ ನೇರ ಕೆಡುಕೇನಿಲ್ಲ. ಆದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ಬಂದರೆ ಮಾತ್ರ ಔಷಧ ಹಿಡಿಯುತ್ತದೆ ಎನ್ನುವ ವೈದ್ಯರಿಂದ ಎದ್ದು ಬನ್ನಿ. ಹೆಸರು, ಅಂಕಿ ಬರೆಯದ ಶೀಸೆಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಬರೆದುಕೊಡಿ ಎಂದು ಕೇಳಿ. ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಆ ಶೀಸೆ, ಟಿಂಚರ್ ಬಾಟಲಿ, ಕ್ಯಾಲೆಂಡರಿನ ಮೂರು ಹಾಳೆ, ಹಿಂದಿನ ರಕ್ತಪರೀಕ್ಷೆಯ ಚೀಟಿ ಒಂದೇ ಚೀಲದಲ್ಲಿರಲಿ.