ಕೆರೆ ನೀರಿನ ಬಣ್ಣ ಕ್ಯಾಮೆರಾದಲ್ಲಿ ಕೆಡದಂತೆ

ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಗೊಂಡು ಹರಿಯುತ್ತಿದೆ. ಮೂರನೇ ಹಂತವೂ ಆಗಲೇಬೇಕು ಅನ್ನುವುದು ಹೋರಾಟಗಾರರ ಬೇಡಿಕೆ. ಬತ್ತಿದ ಬೋರ್‌ವೆಲ್‌ಗೆ ನೀರು ಬಂತು ಅನ್ನುವ ರೈತರೂ ಇದ್ದಾರೆ. ಇಂಥಲ್ಲಿ ಸಾಕ್ಷ್ಯಚಿತ್ರ ಮಾಡುವಾಗ ನೀರಿನ ಬಣ್ಣವೇ ಸಾಕ್ಷಿ. ಕ್ಯಾಮೆರಾ ಅದನ್ನು ತಿದ್ದಿಬಿಟ್ಟರೆ ಎರಡೂ ಕಡೆಯವರು ಚಿತ್ರವನ್ನು ನಂಬುವುದಿಲ್ಲ.

ಆದ್ದರಿಂದ ಕ್ಯಾಮೆರಾ ತಾನಾಗೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಮೊದಲು ಆಫ್ ಮಾಡುತ್ತೇನೆ. ಪಾಚಿಗಟ್ಟಿದ ನೀರು ಫ್ರೇಮ್ ತುಂಬಿದರೆ ಈ ಆಟೋ ಹಸಿರನ್ನು ಕಳೆದು ನೇರಳೆ ಛಾಯೆ ಸೇರಿಸುತ್ತದೆ. ಬಿಸಿಲಿದ್ದರೆ 5600 ಕೆಲ್ವಿನ್‌ಗೆ ನಿಲ್ಲಿಸಿ, ಪ್ರತಿ ಶಾಟ್‌ಗೆ ಮುಂಚೆ ಬಣ್ಣ ಹೋಲಿಸಲು 5 ಸೆಕೆಂಡ್ ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಹಿಡಿಯುತ್ತೇನೆ. ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕು ಬೇಕೆಂದು, ಅಳೆಯುವುದೂ ಅದೇ ಕಾರ್ಡಿನಿಂದ. ಆಟೋಗೆ ಬಿಟ್ಟರೆ ಬಿಳಿ ನೊರೆ ಬೂದಿ ಬಣ್ಣಕ್ಕೆ ತಿರುಗಿ ಇದ್ದದ್ದಕ್ಕಿಂತ ಕೊಳಕಾಗಿ ಕಾಣುತ್ತದೆ. ಪೋಲರೈಸರ್ ಹಾಕುವುದೇ ಇಲ್ಲ. ಅದು ನೀರಿನ ಮೇಲಿನ ಹೊಳಪು ಕಳೆದು, ಕಲಕು ನೀರನ್ನೂ ತಿಳಿಯಾಗಿರುವಂತೆ ತೋರಿಸುತ್ತದೆ. ಬೆಳಕು ಹೆಚ್ಚಾದರೆ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಸಾಕು.

ಪ್ರತಿ ಸಲವೂ ಒಂದೇ ಜಾಗದಿಂದ ತೆಗೆಯಲು ಕೆರೆ ಏರಿಯ ಮೇಲೆ ಒಂದು ಕಲ್ಲಿಗೆ ಬಣ್ಣದ ಗುರುತು ಹಾಕಿಕೊಳ್ಳಬೇಕು. ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿಯ) ಕಲ್ಲುಕಂಬ ಫ್ರೇಮಿನ ಎಡ ಅಂಚಿಗೆ ಬರುವಂತೆ ಅಲ್ಲಿ ಟ್ರೈಪಾಡ್ ನಿಲ್ಲಿಸಿ: ಎತ್ತರ 140 ಸೆಂ.ಮೀ., ಲೆನ್ಸ್ 35 ಎಂ.ಎಂ., ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ತಿಂಗಳಿಗೊಮ್ಮೆ, ಬೆಳಿಗ್ಗೆ 7ಕ್ಕೆ, 40 ಸೆಕೆಂಡ್. ಫೋಕಸ್ ಕೈಯಲ್ಲೇ, ಇಲ್ಲದಿದ್ದರೆ ಗಾಳಿಗೆ ಅಲ್ಲಾಡುವ ಜೊಂಡನ್ನೇ ಹಿಡಿದುಕೊಂಡು ನೀರು ಮಂಜಾಗುತ್ತದೆ. ಹೀಗೆ ಒಂದು ವರ್ಷ ತೆಗೆದ ಶಾಟ್‌ಗಳನ್ನು ಜೋಡಿಸಿದಾಗ ಕಂಬದ ಮೇಲಿನ ನೀರಿನ ಕಲೆಯೇ ಏರಿಳಿತವನ್ನು ಹೇಳುತ್ತದೆ, ವಿವರಣೆ ಬೇಕಾಗುವುದಿಲ್ಲ.

ಕೆರೆ ನೀರು ಹಂಚುವ ನೀರಗಂಟಿಯವರನ್ನು ಮನೆ ಜಗುಲಿಯಲ್ಲಿ ಕೂರಿಸಿ ಮಾತಾಡಿಸಬೇಡಿ. ತೂಬಿನ ಹತ್ತಿರ ನಿಂತರೆ ಕೈಯೆತ್ತಿ ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) ತೋರಿಸುತ್ತಾರೆ, ಯಾವ ಗದ್ದೆಗೆ ಯಾವ ಕಾಲುವೆ ಎಂದು ತಾವಾಗೇ ಹೇಳುತ್ತಾರೆ. ಏರಿಯ ಮೇಲೆ ಗಾಳಿ ಜೋರು: ಕಾಲರ್ ಮೈಕ್ ಅಂಗಿಯ ಒಳಗೆ, ಅದರ ಮೇಲೆ ತುಪ್ಪಳದ ಕವಚ. ಪಂಪ್‌ಸೆಟ್ ಓಡುತ್ತಿದ್ದರೆ ನಿಲ್ಲುವವರೆಗೆ ಕಾಯಬೇಕು. ಆ ಗುಂಯ್‌ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ದನಿಯೇ ಸೊರಗುತ್ತದೆ. ಹಿರಿಯರು ನಡುವೆ ತೆಲುಗಿಗೆ ಹೊರಳಿದರೆ ಹಾಗೇ ಬಿಡಿ, ಕನ್ನಡ ದನಿಯನ್ನು ಆಮೇಲೆ ಮೇಲೇರಿಸಬಹುದು. ಊರಿನ ಪ್ರದರ್ಶನಕ್ಕೆ ಸಬ್‌ಟೈಟಲ್ ಕೆಲಸಕ್ಕೆ ಬರುವುದಿಲ್ಲ, ಅರ್ಧ ಜನ ಓದುವಷ್ಟರಲ್ಲಿ ಸಾಲು ಹೋಗಿರುತ್ತದೆ.

ಕಚ್ಚಾ ಎಡಿಟ್ 20 ನಿಮಿಷಕ್ಕೆ ಇಳಿಸಿ ಮೊದಲು ಆ ಊರಲ್ಲೇ ತೋರಿಸುತ್ತೇನೆ. ಸಂಜೆ ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಹೆಂಗಸರು ಬರುವಷ್ಟರಲ್ಲಿ ಎಂಟಾಗಿರುತ್ತದೆ. ಅಶ್ವತ್ಥಕಟ್ಟೆಯ ಮುಂದೆ 8 ಅಡಿ ಅಗಲದ ಬಿಳಿ ಬಟ್ಟೆ, 3000 ಲ್ಯೂಮೆನ್ ಪ್ರೊಜೆಕ್ಟರ್ ಇದ್ದು, ಬೀದಿದೀಪ ಆರಿಸಿದರೆ ಸಾಕು. ಬೇರೆ ಕೆರೆಯ ಕೋಡಿ ಒಂದೇ ಒಂದು ಶಾಟ್‌ನಲ್ಲಿ ನುಸುಳಿದ್ದರೂ ಅಲ್ಲಿ ಹಿಡಿಯುತ್ತಾರೆ. ಹಾಗೇ, ತಮ್ಮ ಮಾತು ತೆಗೆಯಿರಿ ಎಂದು ಯಾರಾದರೂ ಕೇಳಿದರೆ, ಎಷ್ಟೇ ಒಳ್ಳೆಯ ಮಾತಾದರೂ ಮರುದಿನವೇ ತೆಗೆದುಹಾಕುತ್ತೇನೆ.