ತೆರೆಯುತ್ತೆ, ಆದರೆ ಸೇವ್ ಆಗಲ್ಲ: ಸಾಂಬಾ ಜೊತೆ ನನ್ನ ಅನುಭವ

ಪರಿಚಯದವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾಲ್ಕು ವಿಂಡೋಸ್ ಕಂಪ್ಯೂಟರ್, ಒಂದೇ ಪೆನ್‌ಡ್ರೈವ್. ಲಗ್ನಪತ್ರಿಕೆ ಡಿಸೈನ್ ಮಾಡುವವನಿಂದ ಪ್ರೂಫ್ ನೋಡುವವರಿಗೆ, ಅಲ್ಲಿಂದ ಪ್ರಿಂಟರಿಗೆ ಅದರಲ್ಲೇ ಓಡಾಡುತ್ತಿತ್ತು. ಒಮ್ಮೆ ತಿದ್ದದ ಫೈಲೇ ಅಚ್ಚಾಗಿ ಮುನ್ನೂರು ಕಾರ್ಡು ರದ್ದಿಗೆ ಹೋದವು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಎಲ್ಲರ ಫೈಲೂ ಒಂದೇ ಕಡೆ ಇರುವ ಸರ್ವರ್ ಮಾಡಿಕೊಡುತ್ತೇನೆ ಅಂದೆ.

ಫೈಲ್ ಹಂಚಿಕೊಳ್ಳಲು ವಿಂಡೋಸ್ ಆಡುವ ಭಾಷೆ ಎಸ್‌ಎಂಬಿ. ಲಿನಕ್ಸಿಗೆ ಆ ಭಾಷೆ ಕಲಿಸುವುದು ಸಾಂಬಾ. ಅದನ್ನು ಶುರುಮಾಡಿದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಎಸ್, ಎಂ, ಬಿ ಇದೇ ಸಾಲಿನಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಈ ಹೆಸರಿಟ್ಟರು. ನಮ್ಮ ಸಾಂಬಶಿವನಿಗೂ ಇದಕ್ಕೂ ಸಂಬಂಧವಿಲ್ಲ.

ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ಮೊದಲ ತೊಡಕು ಪಾಸ್‌ವರ್ಡ್. ಲಿನಕ್ಸಿನಲ್ಲಿ ಯೂಸರ್ ಇದ್ದರೆ ಸಾಲದು, ಸಾಂಬಾ ತನ್ನದೇ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳುತ್ತದೆ, ಅದನ್ನೂ ಕೊಟ್ಟೆ. ಆಮೇಲೆ ವಿಂಡೋಸ್ 1219 ಎಂಬ ಎರರ್ ತೋರಿಸಿತು. ಒಂದೇ ಸರ್ವರಿಗೆ ಎರಡು ಯೂಸರ್ ಹೆಸರಿನಲ್ಲಿ ಹೋಗಲು ಅದು ಬಿಡುವುದಿಲ್ಲ. ನಾನೇ ಟೆಸ್ಟ್ ಮಾಡಲು ನನ್ನ ಹೆಸರಲ್ಲಿ ಲಾಗಿನ್ ಆಗಿದ್ದೆ! ‘ನೆಟ್ ಯೂಸ್’ ಕಮಾಂಡಿನಿಂದ ಹಳೇ ಕನೆಕ್ಷನ್ ಅಳಿಸಿದೆ.

ನಿಜವಾಗಿ ತಲೆ ತಿಂದದ್ದು ಮುಂದಿನದು. ಡಿಸೈನ್ ಹುಡುಗ ಇಟ್ಟ ಫೈಲು ಪ್ರೂಫ್ ನೋಡುವವರಿಗೆ ತೆರೆಯುತ್ತಿತ್ತು, ಸೇವ್ ಆಗುತ್ತಿರಲಿಲ್ಲ. ‘ಪೆನ್‌ಡ್ರೈವೇ ವಾಸಿ ಇತ್ತು ಸಾರ್’ ಅಂದ ಅವನು. ಸಾಂಬಾ ಕಾನ್ಫಿಗ್ ಫೈಲಿನಲ್ಲಿ ‘ರೀಡ್ ಓನ್ಲಿ = ನೋ’, ಅಂದರೆ ಬರೆಯಲೂ ಬಿಡು, ಅಂತಲೇ ಇತ್ತು. ಎರಡು ಗಂಟೆ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಕೊನೆಗೆ ಸರ್ವರಿನಲ್ಲೇ ಫೈಲುಗಳ ಪರ್ಮಿಶನ್ ನೋಡಿದರೆ 744: ಇಟ್ಟವನಿಗೆ ಎಲ್ಲ ಹಕ್ಕು, ಉಳಿದವರಿಗೆ ಓದುವುದು ಮಾತ್ರ. ಸಾಂಬಾ ಬಾಗಿಲು ತೆಗೆದಿದ್ದರೂ ಒಳಗೆ ಲಿನಕ್ಸಿನ ಚಿಲಕ ಹಾಗೇ ಇತ್ತು. ಹೊಸ ಫೈಲಿಗೆ ಯಾವ ಹಕ್ಕು ಇರಬಹುದೆಂದು ಹೇಳುವ ‘ಕ್ರಿಯೇಟ್ ಮಾಸ್ಕ್’ ನಾವು ಬರೆಯದಿದ್ದರೆ ಸಾಂಬಾ ಹಿಡಿಯುವುದು 0744 ಅನ್ನೇ. ಎಲ್ಲರನ್ನೂ ಒಂದು ಗ್ರೂಪಿಗೆ ಸೇರಿಸಿ, ಹೊಸ ಫೈಲೆಲ್ಲ ಆ ಗ್ರೂಪಿನದೇ ಆಗಲೆಂದು ‘ಫೋರ್ಸ್ ಗ್ರೂಪ್’ನಲ್ಲಿ ಅದರ ಹೆಸರು ಕೊಟ್ಟು, ಗ್ರೂಪಿನವರೂ ಬರೆಯುವಂತೆ ಮಾಸ್ಕನ್ನು ಫೈಲಿಗೆ 0664, ಫೋಲ್ಡರಿಗೆ 0775 ಮಾಡಿದೆ. ಹೊಸ ಫೈಲು ಸೇವ್ ಆಯಿತು. 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟು ಕೈತೊಳೆದುಕೊಳ್ಳಿ ಅನ್ನುವವರೂ ಇದ್ದಾರೆ, ನನಗದು ಒಗ್ಗುವುದಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೇ ಫೋನ್: ‘ನಿನ್ನೆ ಇಟ್ಟದ್ದು ಇನ್ನೂ ಸೇವ್ ಆಗ್ತಿಲ್ಲ.’ ಮಾಸ್ಕ್ ತಾಗುವುದು ಹೊಸ ಫೈಲಿಗೆ ಮಾತ್ರ. ಹಳೆಯದಕ್ಕೆಲ್ಲ ಗ್ರೂಪ್ ಮತ್ತು ಪರ್ಮಿಶನ್ ಬದಲಿಸುವುದನ್ನು ಮರೆತು ಮನೆಗೆ ಬಂದುಬಿಟ್ಟಿದ್ದೆ.