ಪಲ್ಪರ್ ಬಾಯಿಂದ ಗಿಡದ ಬುಡಕ್ಕೆ: ಕಾಫಿ ಸಿಪ್ಪೆ ಗೊಬ್ಬರದ ನನ್ನ ಅನುಭವ

ಸೋಮವಾರಪೇಟೆ ಕಡೆಯ ನಮ್ಮ ಅರೇಬಿಕಾ ತೋಟದಲ್ಲಿ ಸುಗ್ಗಿ ಹಬ್ಬವಾದ ಪುತ್ತರಿ ಕಳೆಯುವ ಹೊತ್ತಿಗೆ ಹಣ್ಣಿನ ಕೊಯ್ಲು ಬಿರುಸಾಗಿರುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ 100 ಕಿಲೋ ಹಣ್ಣು ಸುರಿದರೆ ಅದರಲ್ಲಿ ಸುಮಾರು 40 ಕಿಲೋ ಹಸಿ ಸಿಪ್ಪೆಯಾಗಿಯೇ ಹೊರಬೀಳುತ್ತದೆ. ತಂದೆಯವರ ಕಾಲದಲ್ಲಿ ಅದು ತೋಡಿನ ಪಕ್ಕದ ಗುಂಡಿ ಸೇರಿ, ಮಾರ್ಚ್‌ವರೆಗೂ ನೊಣ ಮತ್ತು ದುರ್ವಾಸನೆಯ ಮೂಲವಾಗಿರುತ್ತಿತ್ತು.

ತೋಟದ ಹೊಣೆ ನನಗೆ ಬಂದ ಮೊದಲ ವರ್ಷ, ಹಸಿ ಸಿಪ್ಪೆಯನ್ನು ನೇರವಾಗಿ ಎರಡು ವರ್ಷದ ಗಿಡಗಳ ಬುಡಕ್ಕೆ ಹಾಕಿಸಿದೆ. ತಿಂಗಳೊಳಗೆ ಎಲೆಗಳು ಹಳದಿಗೆ ತಿರುಗಿದವು. ಸಿಪ್ಪೆ ಹುಳಿಯುವಾಗ ಹುಟ್ಟುವ ಆಮ್ಲ ಮತ್ತು ಶಾಖ, ಅದರೊಳಗಿನ ಕೆಫೀನ್ ಮತ್ತು ಟ್ಯಾನಿನ್, ಇವೆಲ್ಲ ಎಳೆ ಬೇರಿಗೆ ಒಗ್ಗುವುದಿಲ್ಲವೆಂಬುದು ನನಗೆ ತಿಳಿದದ್ದು ಗಿಡಗಳು ಸೊರಗಿದ ಮೇಲೆಯೇ. ಆಲಿವ್ ಬೆಳೆಯುವ ಸ್ಪೇನಿನ ಆಂಡಲೂಸಿಯಾದವರಿಗೂ ಇಂಥದೇ ತೊಡಕಿದೆ: 100 ಕಿಲೋ ಕಾಯಿಯಿಂದ ಸುಮಾರು 20 ಕಿಲೋ ಎಣ್ಣೆ ತೆಗೆದ ಮೇಲೆ ಉಳಿಯುವ ‘ಅಲ್ಪೆರುಹೊ’ ಎಂಬ ಒದ್ದೆ ಹಿಂಡಿಯಲ್ಲಿ ಗಿಡಕ್ಕೆ ಒಗ್ಗದ ಪಾಲಿಫಿನಾಲ್ ಎಂಬ ಸಂಯುಕ್ತಗಳು ಹೆಚ್ಚಿರುವುದರಿಂದ, ಅದನ್ನು ಹಾಗೆಯೇ ಮಣ್ಣಿಗೆ ಸೇರಿಸದೆ, ಆಲಿವ್ ಎಲೆ ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ಕಾಂಪೋಸ್ಟ್ ಮಾಡುತ್ತಾರೆ.

ನಾನೂ ಅದೇ ಹಾದಿ ಹಿಡಿದೆ. ಸಿಪ್ಪೆಯ ನೀರು ಒಂದು ದಿನ ಬಸಿದ ಮೇಲೆ ಒಣ ತರಗೆಲೆ, ಸಿಪ್ಪೆ, ಕೊಟ್ಟಿಗೆ ಗೊಬ್ಬರ, ಗ್ಲಿರಿಸಿಡಿಯಾ ಸೊಪ್ಪು ಎಂಬ ಕ್ರಮದಲ್ಲಿ ನಾಲ್ಕು ಅಡಿ ಎತ್ತರದ ರಾಶಿ ಹಾಕಿ, ಟನ್ ಸಿಪ್ಪೆಗೆ 10 ಕಿಲೋದಂತೆ ರಾಕ್ ಫಾಸ್ಫೇಟ್ (ರಂಜಕವಿರುವ ಕಲ್ಲಿನ ಪುಡಿ) ಉದುರಿಸುತ್ತೇನೆ. ರಾಶಿಗೆ ಚುಚ್ಚಿಟ್ಟ ಕಬ್ಬಿಣದ ಸರಳನ್ನು ವಾರದ ಬಳಿಕ ಎಳೆದಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಲಸ ಸರಿಯಾಗಿ ಸಾಗಿದೆಯೆಂದು ಅರ್ಥ. ಹದಿನೈದು ದಿನಕ್ಕೊಮ್ಮೆ ರಾಶಿಯನ್ನು ತಿರುವಬೇಕು ಎನ್ನುವುದು ಸುಲಭ, ಆದರೆ ಕೊಯ್ಲಿಗೇ ಆಳು ಸಿಗದ ಜನವರಿಯಲ್ಲಿ ತಿರುವುವವರು ಯಾರು? ಒಂದು ವರ್ಷ ಎರಡೇ ಬಾರಿ ತಿರುವಿದ್ದರಿಂದ ತಳಭಾಗ ಗಾಳಿಯಿಲ್ಲದೆ ಕಪ್ಪಗೆ ನಾರಿತು. ಅಂದಿನಿಂದ ಗಂಟು ಒಡೆದು ತೂತು ಕೊರೆದ ಬಿದಿರನ್ನು ರಾಶಿಯ ನಡುವೆ ನೆಡುತ್ತಿದ್ದೇನೆ. ತಿರುವುವ ಕೆಲಸ ತಪ್ಪಿಲ್ಲ, ಒಂದೆರಡು ವಾರ ತಡವಾದರೂ ನಾರುವುದಿಲ್ಲ, ಅಷ್ಟೇ.

ಸಿಪ್ಪೆ ಬಿಡಿಸುವಾಗ ಹೊರಬರುವ ಪಲ್ಪಿಂಗ್ ನೀರು ಮಾತ್ರ ಇನ್ನೂ ತಲೆನೋವು. ಹುಳಿತ ಆ ನೀರಿನ ಪಿಎಚ್ ನಾಲ್ಕರ ಆಸುಪಾಸಿಗೆ ಇಳಿದು ಆಮ್ಲೀಯವಾಗುವುದರಿಂದ, ಸುಣ್ಣ ಬೆರೆಸಿ ತೊಟ್ಟಿಗಳಲ್ಲಿ ತಂಗಿಸುತ್ತೇನೆ, ತೋಡಿಗೆ ಬಿಡುವುದಿಲ್ಲ.

ಐದು ತಿಂಗಳಿಗೆ ರಾಶಿ ಕುಗ್ಗಿ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದ್ದರೂ ಅದು ನೀರಿನಲ್ಲಿ ಬೇಗ ಕರಗುವಂಥದ್ದು. ಆದ್ದರಿಂದ ಮುಂಗಾರಿಗೆ ಮುನ್ನ ರಾಶಿಗೆ ತಗಡಿನ ಮಾಡು ಹಾಕಿಸಿ, ಮಳೆ ತಗ್ಗಿದ ಸೆಪ್ಟೆಂಬರ್‌ನಲ್ಲಿ ಗಿಡಕ್ಕೊಂದು ಬುಟ್ಟಿಯಂತೆ ಹಾಕಿಸುತ್ತೇನೆ. ಮಣ್ಣು ಪರೀಕ್ಷೆಯ ಫಲಿತಾಂಶ ನೋಡಿ ಪೊಟ್ಯಾಷ್ ಖರೀದಿಯನ್ನು ತಗ್ಗಿಸಿದ್ದೇನೆ, ಯೂರಿಯಾವನ್ನು ಪೂರ್ತಿ ಬಿಡಲು ಧೈರ್ಯ ಬಂದಿಲ್ಲ.